ಹತ್ತಿರ ಹೋಗಿ ಹೇಳುವ ಮಾತು

(ದತ್ತಿ ಉಪನ್ಯಾಸದ ಬರಹರೂಪ)

ಶಿಕಾರಿಪುರ ಮತ್ತು ಸೊರಬ ಎರಡೂ ಕಡೆಯಿಂದ ಬಂದಿರುವ ಅಂಗನವಾಡಿ ಕಾರ್ಯಕರ್ತೆಯರೇ, ಶಿಕ್ಷಕ ಮಿತ್ರರೇ, ಮಕ್ಕಳನ್ನು ಎತ್ತಿಕೊಂಡೇ ಬಂದು ಹಿಂದಿನ ಸಾಲಿನಲ್ಲಿ ಕೂತಿರುವ ತಾಯಂದಿರೇ,

ದತ್ತಿ ಉಪನ್ಯಾಸ ಅಂದರೆ ನಮ್ಮ ಕಡೆ ಜನ ಕಾಯುವ ವಿಷಯಗಳೇ ಬೇರೆ. ತಾಳಗುಂದದ ಶಾಸನ, ಬಳ್ಳಿಗಾವಿಯ ಕೋಡಿಮಠ, ಉಡುತಡಿಯ ಅಕ್ಕ, ಚಂದ್ರಗುತ್ತಿಯ ರೇಣುಕಾಂಬೆ. ಈ ತಾಲ್ಲೂಕಿನಿಂದ ಆ ತಾಲ್ಲೂಕಿಗೆ ಬಸ್ಸಿನಲ್ಲಿ ಹೋಗುವಷ್ಟರಲ್ಲಿ ಹತ್ತು ವರ್ಷದ ಉಪನ್ಯಾಸಕ್ಕಾಗುವ ಸರಕು ಸಿಗುವ ಜಾಗ ಇದು. ಈ ಸಲ ಸಂಘಟಕರು ನನಗೆ ಕೊಟ್ಟಿರುವುದು ಮಾತ್ರ ಒಲೆ ಮುಂದಿನ ವಿಷಯ: ಕೂಗಾಡದೆ ಚಿಕ್ಕ ಮಕ್ಕಳು ಮಾತು ಕೇಳುವ ಹಾಗೆ ಮಾಡುವುದು ಹೇಗೆ? 'ಇದಕ್ಕೂ ಒಂದು ಉಪನ್ಯಾಸ ಬೇಕಾ ಮೇಷ್ಟ್ರೇ?' ಎಂದು ಹಿರಿಯರೊಬ್ಬರು ಬಾಗಿಲಲ್ಲೇ ಕೇಳಿದರು. ಬೆಳಗ್ಗೆ ಏಳರಿಂದ ಎಂಟೂವರೆಯ ತನಕ ಅವರ ಮನೆಯೊಳಗೆ ಎಂಥ ಸದ್ದಿರುತ್ತದೆ ಎಂದು ನಾನು ತಿರುಗಿ ಕೇಳಲಿಲ್ಲ.

ಆ ಒಂದೂವರೆ ಗಂಟೆಯಿಂದಲೇ ಶುರು ಮಾಡೋಣ. ಹಾಲು ಕರೆದಾಗಬೇಕು, ಕ್ಯಾನು ಡೈರಿಗೆ ಹೋಗಬೇಕು, ರೊಟ್ಟಿ ಬಡಿದಾಗಬೇಕು, ಗದ್ದೆಗೋ ಶುಂಠಿ ಹೊಲಕ್ಕೋ ಬರುವ ಆಳುಗಳಿಗೆ ಚಹಾ ಆಗಬೇಕು. ಇದರ ನಡುವೆ ಕಾನ್ವೆಂಟಿನ ವ್ಯಾನು ರಸ್ತೆಗೆ ಬಂದು ಹಾರ್ನು ಹೊಡೆಯುತ್ತದೆ. ತಾಯಿ ಒಲೆ ಬಿಟ್ಟು ಏಳುವ ಹಾಗಿಲ್ಲ, ಅಲ್ಲಿಂದಲೇ ಕರೆಯುತ್ತಾಳೆ. 'ಏಳೋ ಅಪ್ಪಿ.' ಉತ್ತರವಿಲ್ಲ. 'ಎದ್ದೆಯೇನೋ?' ಇಲ್ಲ. 'ಹಲ್ಲುಜ್ಜಿದೆಯಾ?' ಮಗು ಇನ್ನೂ ಕಂಬಳಿಯೊಳಗೆ. 'ಎಷ್ಟ್ ಸಲ ಹೇಳದು ನಿಂಗೆ?' ಐದನೆಯದು ಮಾತಲ್ಲ, ಕೂಗು. ಆಗ ಮಗು ಏಳುತ್ತದೆ. ತಾಯಿ ಅಂದುಕೊಳ್ಳುತ್ತಾಳೆ: ಇದಕ್ಕೆ ಕೂಗಿದರೇ ಕೇಳೋದು. ಮಗುವಿನ ಲೆಕ್ಕ ಬೇರೆ: ಅವ್ವ ಕೂಗುವ ತನಕ ಏಳಬೇಕಾಗಿಲ್ಲ. ಇಬ್ಬರ ಲೆಕ್ಕವೂ ಸರಿಯಾಗಿಯೇ ಇದೆ. ತೊಂದರೆ ಇರುವುದೇ ಅಲ್ಲಿ.

ಈಗ ಅದೇ ಮಗುವಿನ ಇನ್ನೊಂದು ಬೆಳಗನ್ನು ನೆನಪಿಸಿಕೊಳ್ಳಿ. ಆಶ್ವೀಜ ಮಾಸದ ಹುಣ್ಣಿಮೆ, ನಮ್ಮ ಭೂಮಿ ಹುಣ್ಣಿಮೆ. ಸೊರಬ, ಸಾಗರ, ಶಿಕಾರಿಪುರದ ದೀವರ ಮನೆಗಳಲ್ಲಿ ಅದಕ್ಕೆ ವಾರಗಟ್ಟಲೆ ತಯಾರಿ. ಬಿದಿರಿನ ಬುಟ್ಟಿಗೆ ಕೆಮ್ಮಣ್ಣು ಬಳಿದು ಒಣಗಿಸಿ, ಅಕ್ಕಿಹಿಟ್ಟಿನ ಬಿಳಿಯಲ್ಲಿ ಪುಂಡಿನಾರಿನ ಕುಂಚ ಅದ್ದಿ ಎಳೆ ಎಳೆಯಾಗಿ ಚಿತ್ತಾರ ಬರೆಯುತ್ತಾರೆ. ಅದೇ ಭೂಮಣ್ಣಿ ಬುಟ್ಟಿ. ಹಬ್ಬದ ಹಿಂದಿನ ರಾತ್ರಿ ಹೆಂಗಸರು ನಿದ್ದೆಗೆಟ್ಟು ಅಡುಗೆ ಮಾಡುತ್ತಾರೆ. ಬೆಳಕು ಹರಿಯುವ ಮುಂಚೆ ಬುಟ್ಟಿ ಹೊತ್ತು ಗದ್ದೆಗೆ ಹೋಗಬೇಕು. ಬಸುರಿ ಭೂಮಿತಾಯಿಗೆ ಅದು ಸೀಮಂತ. ಆ ಹೊತ್ತಿಗೆ ಮನೆಯ ಚಿಕ್ಕ ಮಗುವನ್ನು ಯಾರು ಎಬ್ಬಿಸುತ್ತಾರೆ? ಯಾರೂ ಎಬ್ಬಿಸುವುದಿಲ್ಲ. ಬಿಟ್ಟು ಹೋಗಿಬಿಟ್ಟಾರು ಎಂಬ ಅಂಜಿಕೆಗೆ ಅದು ರಾತ್ರಿಯಿಡೀ ಅರೆನಿದ್ದೆಯಲ್ಲಿರುತ್ತದೆ. ಕತ್ತಲಲ್ಲಿ ಎದ್ದು ಬ್ಯಾಟರಿ ಹಿಡಿದು ಅಪ್ಪನ ಮುಂದೆ ನಡೆಯುತ್ತದೆ. ಬದುವಿನ ಮೇಲೆ ಇಬ್ಬನಿ, ಜಾರಿಕೆ, ಚಳಿ, ಒಂದಕ್ಕೂ ಗೊಣಗುವುದಿಲ್ಲ. ಹಚ್ಚಂಬಲಿ ಎಂಬ ಎಡೆಯನ್ನು ಗದ್ದೆಗೆ ಬೀರುವಾಗ ಅದರ ದನಿಯೇ ಎಲ್ಲರಿಗಿಂತ ಮೇಲೆ.

ಎರಡೂ ಬೆಳಗಿನಲ್ಲಿ ಇರುವುದು ಒಂದೇ ಮಗು, ಒಂದೇ ತಾಯಿ. ಹಾಗಾಗಿ ಮಗು ಹಟಮಾರಿ, ತಾಯಿ ಸಿಡುಕಿ ಎಂಬ ವಿವರಣೆ ಇಲ್ಲಿ ನಡೆಯುವುದಿಲ್ಲ. ಮೊದಲನೆಯ ಬೆಳಗಿನಲ್ಲಿ ಮಗು ಸಾಗಿಸಬೇಕಾದ ಒಂದು ಗಂಟು. ಎರಡನೆಯದರಲ್ಲಿ ಅದು ಪಾಲುದಾರ. ಹಬ್ಬದ ಬೆಳಗಿನಲ್ಲಿ ಇರುವ ಆ ಪಾಲನ್ನು ವ್ಯಾನಿನ ಬೆಳಗಿಗೂ ಸ್ವಲ್ಪ ಸ್ವಲ್ಪವಾಗಿ ತರಬಹುದು ಎನ್ನುವುದಷ್ಟೇ ಈ ಹೊತ್ತು ನಾನು ಹೇಳಬೇಕೆಂದಿರುವುದು. ಪ್ರತಿದಿನ ಹಬ್ಬ ಮಾಡಿ ಎನ್ನುತ್ತಿಲ್ಲ. ಹಬ್ಬ ಮಾಡಿದರೆ ಇನ್ನೂ ಜಾಸ್ತಿ ಕೂಗಬೇಕಾದೀತು.

ಮೊದಲು ಕೂಗಿನ ವಿಚಾರ. ಕೂಗುವುದರಿಂದ ಕೆಲಸ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆಗುತ್ತದೆ; ಅದಕ್ಕೇ ಅದು ಬಿಟ್ಟುಹೋಗದ ಚಟ. ಅಮೆರಿಕದ ಓರೆಗಾನ್‌ನಲ್ಲಿ ಜೆರಾಲ್ಡ್ ಪ್ಯಾಟರ್‌ಸನ್ ಎಂಬ ಮನೋವಿಜ್ಞಾನಿ ಮತ್ತು ಅವರ ಸಂಗಡಿಗರು ಮನೆಮನೆಗೆ ಹೋಗಿ ಕೂತು, ತಂದೆತಾಯಿ ಏನು ಹೇಳಿದರು, ಮಗು ಏನು ಮಾಡಿತು, ಅದಕ್ಕೆ ಮತ್ತೆ ಇವರೇನು ಮಾಡಿದರು ಎಂದು ಸಾಲುಸಾಲಾಗಿ ಬರೆದುಕೊಂಡರು. 1982ರಲ್ಲಿ ಅದು ಪುಸ್ತಕವಾಗಿ ಬಂತು. ಅವರು ಕಂಡದ್ದನ್ನು ನಮ್ಮ ಸಂತೆಯಲ್ಲೇ ನಿಂತು ನೋಡಬಹುದು. ಮಗು ಐಸ್‌ಕ್ಯಾಂಡಿ ಕೇಳುತ್ತದೆ. ತಾಯಿ ಬೇಡ ಅನ್ನುತ್ತಾಳೆ. ಮಗು ಅಳುತ್ತದೆ, ತಾಯಿ ಗದರುತ್ತಾಳೆ. ಮಗು ನೆಲಕ್ಕೆ ಬಿದ್ದು ಹೊರಳುತ್ತದೆ, ಜನ ನೋಡುತ್ತಾರೆ, ತಾಯಿ ಕೊಡಿಸುತ್ತಾಳೆ. ಅಳು ನಿಂತಿತು, ತಾಯಿಗೆ ಸಮಾಧಾನ. ಕ್ಯಾಂಡಿ ಸಿಕ್ಕಿತು, ಮಗುವಿಗೆ ಸಮಾಧಾನ. ನಾಳೆ ಮನೆಯಲ್ಲಿ ತಾಯಿ ಕಿರುಚಿದಾಗ ಮಗು ಥಟ್ಟನೆ ಕೇಳುತ್ತದೆ, ಆಗಲೂ ತಾಯಿಗೆ ಸಮಾಧಾನ. ಹೀಗೆ ಒಬ್ಬರಿಗೊಬ್ಬರು ಪಾಠ ಹೇಳಿಕೊಡುತ್ತಾ ಇಬ್ಬರೂ ಮೆಟ್ಟಿಲು ಮೆಟ್ಟಿಲಾಗಿ ದನಿ ಏರಿಸುವುದನ್ನು ಕಲಿಯುತ್ತಾರೆ. ಇದರಲ್ಲಿ ಯಾರೂ ಕೆಟ್ಟವರಲ್ಲ. ಆದರೆ ಮನೆ ಮಾತ್ರ ದಿನೇದಿನೇ ಗದ್ದಲದ ಗೂಡಾಗುತ್ತದೆ.

ದೀಪಾವಳಿ ಬಂದರೆ ಹೋರಿ ಬೆದರಿಸುವ ಹಬ್ಬಕ್ಕೆ ಊರಿಗೂರೇ ಸೇರುವ ಸೀಮೆ ನಮ್ಮದು. ಬೆದರಿಸುವುದರಲ್ಲಿ ನಮಗೆ ಪರಿಣತಿ ಇದೆ, ಒಪ್ಪುತ್ತೇನೆ. ಆದರೆ ಬೆದರಿದ ಹೋರಿ ಓಡುತ್ತದೆಯೇ ಹೊರತು ಗಳೆ ಹೊಡೆಯುವುದಿಲ್ಲ ಎನ್ನುವುದು ಅದನ್ನು ಸಾಕಿದವರಿಗೆ ನನಗಿಂತ ಚೆನ್ನಾಗಿ ಗೊತ್ತು. ಪೋಲೆಂಡಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಕೆಲಸ ಮಾಡಿದ ಗ್ರಾಜಿನಾ ಕೊಚಾನ್ಸ್ಕಾ ಎಂಬ ಸಂಶೋಧಕಿ ಚಿಕ್ಕ ಮಕ್ಕಳು ಮಾತು ಕೇಳುವುದರಲ್ಲಿ ಎರಡು ಬಗೆಯನ್ನು ಬೇರೆ ಮಾಡಿ ತೋರಿಸಿದರು. ಒಂದು, ದೊಡ್ಡವರು ಎದುರಿಗಿರುವ ತನಕ, ಒತ್ತಾಯ ಇರುವ ತನಕ ಕೇಳುವುದು. ಇನ್ನೊಂದು, ಮಗು ಆ ಕೆಲಸವನ್ನು ತನ್ನದೇ ಎಂದುಕೊಂಡು, ಹಿಂದೆ ನಿಂತು ಕಾಯುವವರಿಲ್ಲದಿದ್ದರೂ ಮಾಡುವುದು. ತಾಯಿಯೂ ಮಗುವೂ ಒಬ್ಬರಿಗೊಬ್ಬರು ಸ್ಪಂದಿಸುತ್ತಾ ಖುಷಿಯಾಗಿರುವ ಮನೆಗಳಲ್ಲಿ ಈ ಎರಡನೆಯದು ಹೆಚ್ಚು ಕಾಣುತ್ತದೆ. ಕೂಗಿನಿಂದ ಸಿಗುವುದು ಮೊದಲನೆಯದು ಮಾತ್ರ. ತಾಯಿ ಹಿತ್ತಿಲಿಗೆ ಹೋದ ಗಳಿಗೆಗೇ ಅದು ಮುಗಿಯುತ್ತದೆ.

ಎರಡು-ಮೂರು ವರ್ಷದ ಮಗುವಿನ ಮಿದುಳಿನ ಬಗ್ಗೆಯೂ ಒಂದು ಮಾತು ಹೇಳಬೇಕು. ಮಾಡುತ್ತಿರುವುದನ್ನು ಬಿಟ್ಟು ಇನ್ನೊಂದಕ್ಕೆ ಹೊರಳುವುದು, ಆಸೆಯನ್ನು ತಡೆಹಿಡಿಯುವುದು, ಹೇಳಿದ್ದನ್ನು ತಲೆಯಲ್ಲಿಟ್ಟುಕೊಂಡು ಆಮೇಲೆ ಮಾಡುವುದು, ಇವೆಲ್ಲ ಹಣೆಯ ಹಿಂದಿರುವ ಮಿದುಳಿನ ಮುಂಭಾಗದ ಕೆಲಸ. ಆ ಭಾಗ ಪೂರ್ತಿ ಬಲಿಯುವುದು ಇಪ್ಪತ್ತು ದಾಟಿದ ಮೇಲೆ. ಹಾಗಿರುವಾಗ 'ಚಪ್ಪಲಿ ತೆಗೆದಿಡು, ಕೈಕಾಲು ತೊಳಿ, ಬ್ಯಾಗು ಒಳಗಿಡು, ಅಜ್ಜಿಗೆ ಚಹಾ ಬೇಕಾ ಕೇಳು' ಎಂದು ನಾಲ್ಕು ಕೆಲಸವನ್ನು ಒಂದೇ ಉಸಿರಿಗೆ ಹೇಳಿದರೆ ಮಗುವಿಗೆ ಉಳಿಯುವುದು ಒಂದು, ಅದೂ ಪುಣ್ಯವಿದ್ದರೆ. ಅದು ಉಪೇಕ್ಷೆ ಮಾಡುತ್ತಿದೆ ಎಂದು ನಮಗನಿಸುತ್ತದೆ. ಪಾಪ, ಅದಕ್ಕೆ ಅಷ್ಟು ಜಾಗವೇ ಇಲ್ಲ.

ಕೂಗಿನ ಜೊತೆಗೆ ಬರುವ ಇನ್ನೊಂದು ಸಾಧನ ಗುಮ್ಮ. ಇದು ಹಳೆಯದು. ಪುರಂದರದಾಸರ ಒಂದು ಕೀರ್ತನೆಯಲ್ಲಿ ಬಾಲಕೃಷ್ಣನೇ ತಾಯಿಯ ಹತ್ತಿರ ಗುಮ್ಮನನ್ನು ಕರೆಯಬೇಡವೆಂದು ಅಂಗಲಾಚುತ್ತಾನೆ; ಇನ್ನು ಮೇಲೆ ತಂಟೆ ಮಾಡುವುದಿಲ್ಲವೆಂದು ಪಟ್ಟಿ ಒಪ್ಪಿಸುತ್ತಾನೆ. ಎಷ್ಟು ಮುದ್ದಾಗಿ ಹಾಡಿದರೂ ಅದು ಹೆದರಿದ ಮಗುವಿನ ಮಾತು. ಈಗಿನ ಗುಮ್ಮಗಳಿಗೆ ಯೂನಿಫಾರ್ಮ್ ಇದೆ. 'ಪೊಲೀಸ್ ಹಿಡ್ಕಂಡ್ ಹೋಗ್ತಾರೆ', 'ಡಾಕ್ಟ್ರು ಸೂಜಿ ಚುಚ್ತಾರೆ', 'ಟೀಚರ್‌ಗೆ ಹೇಳ್ತೀನಿ ತಡಿ', 'ಅಪ್ಪ ಬರ್ಲಿ'. ಈ ನಾಲ್ವರೂ ಮಗು ಕಷ್ಟದಲ್ಲಿದ್ದಾಗ ನೆರವಿಗೆ ಓಡಿ ಹೋಗಬೇಕಾದವರು. ಲಸಿಕೆಯ ದಿನ ಆಶಾ ಕಾರ್ಯಕರ್ತೆಯನ್ನು ಕಂಡು ಮಗು ಅಟ್ಟದ ಮೇಲೆ ಅವಿತುಕೊಂಡರೆ ಅವಳ ತಪ್ಪೇನು? ತಿಂಗಳುಗಟ್ಟಲೆ ನಾವೇ ಸೂಜಿಯ ಹೆಸರು ಹೇಳಿ ಹೆದರಿಸಿ ಅನ್ನ ಉಣಿಸಿದ್ದೇವೆ. ಇನ್ನು ದಿನವಿಡೀ ದುಡಿದು ಸಂಜೆ ಮನೆಗೆ ಬರುವ ಅಪ್ಪನನ್ನು ಮನೆಯವರೇ ಬೆದರುಬೊಂಬೆ ಮಾಡಿಟ್ಟಿರುತ್ತಾರೆ. ಅಪ್ಪಂದಿರು ಇದಕ್ಕೆ ಒಮ್ಮೆಯಾದರೂ ತಕರಾರು ಮಾಡಬೇಕಿತ್ತು.

ನಾಲ್ಕು ಜನರ ಎದುರು ಹೀಯಾಳಿಸುವುದು ಇದಕ್ಕಿಂತ ಕೆಟ್ಟದ್ದು. 'ನೋಡ್ರಿ, ನಮ್ಮದು ಎಂಥಕ್ಕೂ ಆಗದ್ದು', 'ದೊಡ್ಡಪ್ಪನ ಮಗಳನ್ನ ನೋಡಿ ಕಲಿ'. ತಾಳಗುಂದದ ಕಂಬದ ಮೇಲೆ ಕುಬ್ಜ ಕವಿ ಬರೆದ ಕಥೆ ನಿಮಗೆ ಗೊತ್ತೇ ಇದೆ. ಓದಲೆಂದು ಗುರುವಿನ ಜೊತೆ ಕಂಚಿಯ ಘಟಿಕೆಗೆ ಹೋದ ಮಯೂರಶರ್ಮನಿಗೆ ಅಲ್ಲಿ ಪಲ್ಲವರ ಕುದುರೆ ಸವಾರನೊಬ್ಬನ ಜೊತೆ ಜಗಳವಾಯಿತು. ಅವಮಾನಗೊಂಡು ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಕದಂಬ ರಾಜ್ಯ ಹುಟ್ಟಿತು. ನಮಗದು ಹೆಮ್ಮೆಯ ಕಥೆ. ಆದರೆ ಅವಮಾನಗೊಂಡ ಮಕ್ಕಳೆಲ್ಲ ರಾಜ್ಯ ಕಟ್ಟುವುದಿಲ್ಲ. ಬಹಳಷ್ಟು ಮಕ್ಕಳು ಸುಳ್ಳು ಹೇಳುವುದನ್ನು ಕಲಿಯುತ್ತಾರೆ, ಅಷ್ಟೆ.

ಹಿಂದೆ ಎಲ್ಲ ಚೆನ್ನಾಗಿತ್ತು, ಈಗ ಕೆಟ್ಟಿತು ಎಂಬ ರಾಗವನ್ನೂ ನಾನು ಹಾಡಲಾರೆ. ಕೂಲಿಮಠದ ಕಾಲದಲ್ಲಿ ಕೋದಂಡ ಎಂಬ ಶಿಕ್ಷೆ ಇತ್ತು: ಹುಡುಗನ ಕೈಗಳನ್ನು ಹಗ್ಗದಲ್ಲಿ ಕಟ್ಟಿ ತೊಲೆಗೆ ನೇತುಹಾಕುತ್ತಿದ್ದರು. ಐದು ವರ್ಷ ಮುದ್ದಿಸು, ಆಮೇಲೆ ಹತ್ತು ವರ್ಷ ಹೊಡೆ, ಹದಿನಾರಕ್ಕೆ ಸ್ನೇಹಿತನಂತೆ ಕಾಣು ಎನ್ನುವ ಸಂಸ್ಕೃತ ಸುಭಾಷಿತವನ್ನು ಹೊಡೆತಕ್ಕೆ ಸಮರ್ಥನೆಯಾಗಿ ಈಗಲೂ ಸಭೆಗಳಲ್ಲಿ ಹೇಳುವವರಿದ್ದಾರೆ. ಅದರ ಮೊದಲ ಐದು ವರ್ಷದ ಮಾತನ್ನು ಮೂರು ವರ್ಷದ ಮಗುವಿಗೆ ಏಟು ಕೊಡುವಾಗ ಯಾರೂ ನೆನೆಯುವುದಿಲ್ಲ. ಕಾನೂನು ಈಗ ಇಷ್ಟು ದೂರ ಬಂದಿದೆ: 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಶಾಲೆಯಲ್ಲಿ ಹೊಡೆಯುವುದನ್ನು ಮಾತ್ರವಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ಮನೆಯ ಹೊಸ್ತಿಲು ದಾಟಿ ಅದು ಒಳಗೆ ಬರುವುದಿಲ್ಲ. ಸ್ವೀಡನ್ 1979ರಲ್ಲೇ ಮನೆಯೊಳಗಿನ ಹೊಡೆತವನ್ನೂ ಕಾನೂನಿನಿಂದ ನಿಲ್ಲಿಸಿತು. ನಮ್ಮಲ್ಲಿ ಅದು ಯಾವಾಗ ಆಗುತ್ತದೋ, ಅದಕ್ಕಾಗಿ ಕಾಯಬೇಕಾಗಿಲ್ಲ.

ಸರಿ, ಹಾಗಾದರೆ ಮಾಡುವುದೇನು? ಮತ್ತೆ ಭೂಮಿ ಹುಣ್ಣಿಮೆಯ ಮಗುವಿನ ಹತ್ತಿರ ಹೋಗೋಣ.

2006ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕೆಲ್ ತೊಮಾಸೆಲ್ಲೊ ಒಂದು ಪ್ರಯೋಗ ಮಾಡಿದರು. ಹದಿನೆಂಟು ತಿಂಗಳ ಮಕ್ಕಳೆದುರು ಒಬ್ಬ ಅಪರಿಚಿತ ಬಟ್ಟೆ ಒಣಹಾಕುತ್ತಾ ಕ್ಲಿಪ್ಪು ಬೀಳಿಸುತ್ತಾನೆ, ಕೈಗೆಟಕದೆ ಒದ್ದಾಡುತ್ತಾನೆ. ಕೈತುಂಬ ಪುಸ್ತಕ ಹಿಡಿದು ಬೀರುವಿನ ಬಾಗಿಲು ತೆಗೆಯಲಾಗದೆ ನಿಲ್ಲುತ್ತಾನೆ. ಯಾರೂ ಹೇಳದೆ, ಏನೂ ಕೊಡದೆ, 24 ಮಕ್ಕಳಲ್ಲಿ 22 ಮಕ್ಕಳು ಒಂದಲ್ಲ ಒಂದು ಸಲ ಎದ್ದು ಹೋಗಿ ನೆರವಾದರು. ಇನ್ನೂ ಸರಿಯಾಗಿ ಮಾತೂ ಬಾರದ ಮಕ್ಕಳು! ಎರಡು ವರ್ಷದ ನಂತರ ಅದೇ ಇಬ್ಬರು ಇನ್ನೊಂದು ನೋಡಿದರು. ನೆರವಾದದ್ದಕ್ಕೆ ಆಟಿಕೆಯ ಬಹುಮಾನ ಪಡೆದ ಮಕ್ಕಳು ಆಮೇಲೆ ಬಹುಮಾನವಿಲ್ಲದಾಗ ನೆರವಾಗುವುದು ಕಡಿಮೆಯಾಯಿತು. ಚಾಕೊಲೇಟು, ಮೊಬೈಲು ತೋರಿಸಿ ಕೆಲಸ ಮಾಡಿಸುವ ನಮ್ಮ ಜಾಣತನ ಎಲ್ಲಿಗೆ ಮುಟ್ಟುತ್ತದೆ ಎನ್ನುವುದಕ್ಕೆ ಇದು ಸಾಕು. ನೆರವಾಗುವ ಬುದ್ಧಿ ಮಗುವಿನಲ್ಲಿ ಮೊದಲೇ ಇದೆ. ನಾವೇ ಅದಕ್ಕೆ ರೇಟು ಕಟ್ಟುತ್ತೇವೆ.

ಬಾರ್ಬರಾ ರೊಗೋಫ್ ಎಂಬ ವಿದ್ವಾಂಸೆ ಗ್ವಾಟೆಮಾಲಾದ ಮಾಯಾ ಜನರ ಊರೊಂದರಲ್ಲಿ ದಶಕಗಟ್ಟಲೆ ಓಡಾಡಿ ಕಂಡದ್ದೂ ಇದೇ. ಅಲ್ಲಿ ಮಕ್ಕಳನ್ನು ಕೆಲಸದಿಂದ ದೂರ ಇಟ್ಟು ಆಟಿಕೆ ಕೊಟ್ಟು ಕೂರಿಸುವುದಿಲ್ಲ. ದೊಡ್ಡವರು ಮಾಡುವುದನ್ನು ಪಕ್ಕದಲ್ಲೇ ಕೂತು ನೋಡುತ್ತಾ ಕೈಜೋಡಿಸುತ್ತಾ ಬೆಳೆಯುತ್ತಾರೆ. ಇದನ್ನು ಓದಿದಾಗ ಅಡಕೆ ಸುಲಿಯುವ ನಮ್ಮ ರಾತ್ರಿಗಳು ನೆನಪಿಗೆ ಬಂದವು. ಸುಲಿಯುವವರ ಮಧ್ಯೆ ಕೂತು ಬಿದ್ದ ಅಡಕೆ ಆರಿಸಿ ಬುಟ್ಟಿಗೆ ಹಾಕುವ ಪುಟ್ಟ ಕೈಗಳಿಗೆ ಯಾರೂ 'ಕೂತ್ಕೋ ಸುಮ್ನೆ' ಎನ್ನುತ್ತಿರಲಿಲ್ಲ. ಈಗ ಏನಾಗಿದೆ? ಎರಡು ವರ್ಷದ ಮಗಳು ಪೊರಕೆ ಹಿಡಿದು ಬಂದರೆ ಕಸಿದುಕೊಳ್ಳುತ್ತೇವೆ, ಇದ್ದ ಕಸವನ್ನೂ ಹರಡುತ್ತಾಳೆಂದು. ಲಟ್ಟಣಿಗೆ ಹಿಡಿದರೆ ಹಿಟ್ಟು ಹಾಳಾಗುತ್ತದೆಂದು ಕಸಿಯುತ್ತೇವೆ. ಏಳು ವರ್ಷವಾದಾಗ ಅದೇ ಪೊರಕೆ ಕೊಟ್ಟು 'ಒಂದು ಕಡ್ಡಿ ಎತ್ತಿ ಆಚೆ ಇಡಲ್ಲ' ಎಂದು ಕೂಗುತ್ತೇವೆ. ಮಧ್ಯದ ಐದು ವರ್ಷ ನಾವೇ ಕಲಿಸಿದ್ದು ಏನೆಂಬುದನ್ನು ಮರೆತಿರುತ್ತೇವೆ.

ಮಕ್ಕಳಿಗೆ ಹೊಣೆ ಕೊಡುವ ವಿಚಾರದಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರಿನವರು ಇಡೀ ದೇಶಕ್ಕಿಂತ ಮುಂದೆ ಹೋಗಿದ್ದರು. 1942ರ ಸೆಪ್ಟೆಂಬರಿನಲ್ಲಿ ಊರು ತನ್ನದೇ ಸರ್ಕಾರ ಘೋಷಿಸಿಕೊಂಡಾಗ ಅಮಲ್ದಾರನ ಪದವಿ ಕೊಟ್ಟದ್ದು ಜಯಣ್ಣ ಎಂಬ ಹುಡುಗನಿಗೆ. ಸಬ್ ಇನ್‌ಸ್ಪೆಕ್ಟರ್ ಆದದ್ದು ಮಲ್ಲಪ್ಪ ಎಂಬ ಇನ್ನೊಬ್ಬ ಹುಡುಗ. ಅದರ ಹಿಂದೆ ಬೇರೆ ಲೆಕ್ಕಾಚಾರವೂ ಇದ್ದಿರಬಹುದು. ಮುಂದೆ ನಡೆದದ್ದು ರಕ್ತದ ಕಥೆ. 1943ರ ಮಾರ್ಚಿನಲ್ಲಿ ಊರಿನ ಐವರು ಗಲ್ಲಿಗೇರಿದರು. ಅಂಥದ್ದನ್ನು ಮಕ್ಕಳ ಪಾಲನೆಗೆ ದೃಷ್ಟಾಂತ ಮಾಡಿ ಸಣ್ಣದು ಮಾಡುವುದು ನನಗೆ ಬೇಕಿಲ್ಲ. ಆದರೂ ಹುಡುಗರ ಕೈಗೆ ಊರಿನ ಅಧಿಕಾರ ಕೊಡುವುದನ್ನು ಯೋಚಿಸಬಲ್ಲ ಹಿರಿಯರು ಇದೇ ತಾಲ್ಲೂಕಿನಲ್ಲಿ ಇದ್ದರು ಎಂದು ಮಾತ್ರ ನೆನಪಿಸುತ್ತೇನೆ. ನಾವು ತಟ್ಟೆ ಇಡುವ ಅಧಿಕಾರ ಕೊಡಲೂ ಹಿಂಜರಿಯುತ್ತೇವೆ.

ಇದು ಬಾಲಕಾರ್ಮಿಕ ಪದ್ಧತಿಗೆ ಬೆಂಬಲ ಅಂತ ಯಾರಾದರೂ ತಿಳಿದರೆ ಕಷ್ಟ. ನಾಲ್ಕು ವರ್ಷದ ಮಗು ಊಟಕ್ಕೆ ಮೊದಲು ಎಲ್ಲರಿಗೂ ಲೋಟ ಇಡುವುದು, ಕರುವಿಗೆ ಒಂದು ಹಿಡಿ ಹುಲ್ಲು ಹಾಕುವುದು, ಅಜ್ಜನ ಕನ್ನಡಕ ತಂದುಕೊಡುವುದು. ನಾನು ಹೇಳುತ್ತಿರುವುದು ಇಷ್ಟು. ದಿನವೂ ಒಂದೇ ಕೆಲಸ, ಅದೇ ಹೊತ್ತಿಗೆ. ಮಗು ಮಾಡದಿದ್ದರೆ ಆ ಕೆಲಸ ನಿಂತುಹೋಗುವಂಥದ್ದು. ಸುಮ್ಮನೆ ತೋರಿಕೆಗೆ ಕೊಟ್ಟ ಕೆಲಸವನ್ನು ಮಕ್ಕಳು ಬೇಗ ಪತ್ತೆ ಹಚ್ಚುತ್ತಾರೆ.

ಇನ್ನು ಹೇಳುವ ರೀತಿ. ಇದರಲ್ಲಿ ಎಲ್ಲಕ್ಕಿಂತ ದೊಡ್ಡದು ದೂರ. ಒಲೆ ಮುಂದಿನಿಂದ ಹೇಳಿದ ಮಾತು ಕೂಗಾಗದೆ ಬೇರೆ ದಾರಿಯಿಲ್ಲ. ಮಗು ಮೂರು ಕೋಣೆ ಆಚೆ ಇದೆ. ಎದ್ದು ಹೋಗಿ, ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆನ್ನ ಮೇಲೆ ಕೈಯಿಟ್ಟು, ಹೆಸರು ಹಿಡಿದು ಕರೆದು, ಅದು ತಿರುಗಿ ನೋಡುವ ತನಕ ಕಾದು, ಆಮೇಲೆ ಒಂದೇ ಮಾತು. 'ಶರ್ಟು ಹಾಕ್ಕ.' ಸರಿಯಾಗಿ ಐದು ಎಣಿಸುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ಕಾಯಬೇಕು. ಈ ಐದು ಎಣಿಕೆಯೇ ಕಷ್ಟ. ಎರಡಕ್ಕೇ ನಾವು ಮತ್ತೆ ಹೇಳಿಬಿಡುತ್ತೇವೆ, ಮಗು ಆಗಿನ್ನೂ ಮೊದಲನೆಯದನ್ನು ಅರಗಿಸಿಕೊಳ್ಳುತ್ತಿರುತ್ತದೆ. ತಂದೆತಾಯಿಗೆ ತರಬೇತಿ ಕೊಡುವ ಹೊರದೇಶದ ಕೇಂದ್ರಗಳಲ್ಲಿ ಈ ಐದು ಸೆಕೆಂಡನ್ನು ಪಾಠ ಮಾಡಿ ಕಲಿಸುತ್ತಾರೆ. ರೊಟ್ಟಿ ಸೀಯುತ್ತದೆ ಎನ್ನುತ್ತೀರಿ. ಒಮ್ಮೆ ಎದ್ದು ಹೋಗುವುದಕ್ಕೆ ಬೇಕಾದ ಹೊತ್ತಿಗಿಂತ ಐದು ಸಲ ಕೂಗಿ, ಮಗು ಅತ್ತು, ರಮಿಸುವುದಕ್ಕೆ ಹಿಡಿಯುವ ಹೊತ್ತು ಜಾಸ್ತಿ. ಬೇಕಾದರೆ ಗಡಿಯಾರ ನೋಡಿ.

'ಸ್ನಾನಕ್ಕೆ ಬರ್ತೀಯಾ?' ಎಂದು ಕೇಳಿದರೆ 'ಇಲ್ಲ' ಎನ್ನುವ ಹಕ್ಕು ಮಗುವಿಗೆ ಇದೆ, ನೀವೇ ಕೊಟ್ಟದ್ದು. ಬರಲೇಬೇಕಾದದ್ದನ್ನು ಪ್ರಶ್ನೆ ಮಾಡಬೇಡಿ. ಆಯ್ಕೆ ಕೊಡುವುದಾದರೆ ಎರಡೂ ನಿಮಗೆ ಒಪ್ಪಿಗೆಯಾಗುವಂಥದ್ದು ಕೊಡಿ: ಮೊದಲು ತಲೆಗೆ ನೀರಾ, ಕಾಲಿಗಾ? 'ಓಡಬೇಡ' ಎಂದಾಗ ಮಗುವಿಗೆ ತಿಳಿಯುವುದು ಮಾಡಬಾರದ್ದು ಮಾತ್ರ. 'ನನ್ನ ಕೈ ಹಿಡ್ಕಂಡ್ ನಡಿ' ಎಂದರೆ ಮಾಡಬೇಕಾದ್ದು ಏನೆಂದು ತಿಳಿಯುತ್ತದೆ. ಆಟದ ಮಧ್ಯದಿಂದ ಎಳೆದು ತರುವ ಮೊದಲು ಸುಳಿವು ಕೊಡಬೇಕು. ಐದು ನಿಮಿಷ ಎಂದರೆ ಅದಕ್ಕೆ ಗೊತ್ತಾಗದು. 'ಇನ್ನು ಎರಡು ಸಲ ಜಾರಿ, ಆಮೇಲೆ ಮನೆ' ಎಂದರೆ ಗೊತ್ತಾಗುತ್ತದೆ. ಮೊದಲು ಕೆಲಸ, ಆಮೇಲೆ ಇಷ್ಟದ್ದು: 'ಕೈ ತೊಳ್ಕಂಡ ಮೇಲೆ ಬಾಳೆಹಣ್ಣು.' ಈ ಕ್ರಮವನ್ನು 1959ರಲ್ಲಿ ಡೇವಿಡ್ ಪ್ರೀಮ್ಯಾಕ್ ಸಿದ್ಧಾಂತ ಮಾಡಿ ಬರೆದರು, ನಮ್ಮ ಅಜ್ಜಿಯರು ಬರೆದಿಡಲಿಲ್ಲ. ಇದು ಲಂಚ ಆಗುವುದು ಯಾವಾಗೆಂದರೆ ಮಗು ಅಳಲು ಶುರು ಮಾಡಿದ ಮೇಲೆ ಬಾಳೆಹಣ್ಣು ಹೊರಗೆ ಬಂದಾಗ. ಮಾಡಿದ ಮೇಲೆ 'ಗುಡ್' ಎಂದು ಎಸೆಯುವ ಬದಲು ಕಂಡದ್ದನ್ನು ಹೇಳಿ: 'ಚಪ್ಪಲಿ ನೀನೇ ಜೋಡ್ಸಿ ಇಟ್ಟಿದಿಯಲ್ಲ.'

ಇದೆಲ್ಲ ಹೊಸದಾಗಿ ಬಂದದ್ದೆಂದು ಅಂಗನವಾಡಿಯವರು ಒಪ್ಪುವುದಿಲ್ಲ. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಟಿ. ನರಸೀಪುರಕ್ಕೆ. ಅಂದಿನಿಂದ ಇವತ್ತಿನ ತನಕ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ, ಕೋಣೆ ತುಂಬ ಮಕ್ಕಳು. ಅಷ್ಟು ಮಕ್ಕಳಿಗೆ ಕೂಗಿ ಹೇಳಹೊರಟರೆ ಮಧ್ಯಾಹ್ನಕ್ಕೆ ಗಂಟಲು ಕಟ್ಟುತ್ತದೆ. ಆದ್ದರಿಂದ ಅವರು ಹಾಡು ಹಿಡಿದರು. ಕೈತೊಳೆಯಲು ಏಳುವುದಕ್ಕೊಂದು ಅಭಿನಯ ಗೀತೆ, ವೃತ್ತವಾಗಿ ಕೂರುವುದಕ್ಕೊಂದು ಚಪ್ಪಾಳೆ. ಹಾಡು ಮುಗಿಯುವುದರೊಳಗೆ ಮಕ್ಕಳು ಸಾಲಾಗಿರುತ್ತಾರೆ. ಯಾರೂ ಯಾರಿಗೂ ಅಪ್ಪಣೆ ಮಾಡಿರುವುದಿಲ್ಲ. ಅಂಗನವಾಡಿಯಲ್ಲಿ ತನ್ನ ತಟ್ಟೆ ತಾನೇ ತೊಳೆದಿಡುವ ಮಗು ಮನೆಯಲ್ಲಿ ಯಾಕೆ ಮಾಡುವುದಿಲ್ಲ ಎಂದು ತಾಯಂದಿರು ಆಶ್ಚರ್ಯಪಡುತ್ತಾರೆ. ಅಲ್ಲಿ ಅದು ದಿನದ ರೂಢಿ, ಮನೆಯಲ್ಲಿ ಅದು ದಿನವೂ ಹೊಸ ವಾದ. 1995ರ ಸುಮಾರಿಗೆ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿಯ ಕಲಿಕಾ ಏಣಿಯಲ್ಲೂ ಇದೇ ಗುಟ್ಟಿದೆ. ತಾನು ಯಾವ ಮೆಟ್ಟಿಲಿನಲ್ಲಿದ್ದೇನೆಂದು ಮಗುವಿಗೇ ಗೊತ್ತು, ಮುಂದಿನ ಕಾರ್ಡು ಅದೇ ಎತ್ತಿಕೊಳ್ಳುತ್ತದೆ. ಮನೆಯ ಗೋಡೆಯ ಮೇಲೆ ಹಲ್ಲುಜ್ಜುವುದು, ಸ್ನಾನ, ತಿಂಡಿ, ಬ್ಯಾಗು ಎಂದು ನಾಲ್ಕು ಚಿತ್ರ ಬರೆದು ಅಂಟಿಸಿದರೆ 'ಮುಂದೇನು?' ಎಂದು ಗೋಡೆ ಹೇಳುತ್ತದೆ, ತಾಯಿ ಹೇಳಬೇಕಾಗಿಲ್ಲ. ಚಿತ್ತಾರ ಬರೆಯುವ ಮನೆಗಳಿಗೆ ನಾಲ್ಕು ಚಿತ್ರ ದೊಡ್ಡದಲ್ಲ. ಮಗುವಿನ ಕೈಯಲ್ಲೇ ಬಣ್ಣ ಹಚ್ಚಿಸಿ.

ಗುಜರಾತಿನ ಗಿಜುಭಾಯಿ ಬ‌ಧೇಕಾ 'ದಿವಾಸ್ವಪ್ನ' ಎಂದು ಒಂದು ಪುಸ್ತಕ ಬರೆದರು, 1930ರ ದಶಕದ ಮೊದಲಲ್ಲಿ. ಅದರ ಕಥಾನಾಯಕ ಮೇಷ್ಟರು ಮೊದಲ ದಿನ ತರಗತಿಗೆ ಹೋಗಿ ಮೌನದ ಆಟ ಆಡಿಸಲು ಹೋಗುತ್ತಾರೆ. ಮಕ್ಕಳು ಕೇಕೆ ಹಾಕಿ ಅವರನ್ನು ಸೋಲಿಸುತ್ತಾರೆ. ಮಾರನೆಯ ದಿನ ಕಥೆ ಶುರು ಮಾಡುತ್ತಾರೆ. ತರಗತಿ ತಾನಾಗಿ ಮೌನವಾಗುತ್ತದೆ. ನನಗೆ ಇಷ್ಟವಾದದ್ದು ಮೊದಲ ದಿನದ ಸೋಲನ್ನು ಅವರು ಮುಚ್ಚಿಡದೆ ಬರೆದದ್ದು. ಮಲಗುವ ಹೊತ್ತಿಗೆ ಹತ್ತು ನಿಮಿಷದ ಕಥೆ ಇರುವ ಮನೆಯಲ್ಲಿ ಮಲಗಿಸುವುದಕ್ಕಾಗಿ ಜಗಳ ಕಡಿಮೆ. ಮೊಬೈಲು ಕೊಟ್ಟು ಉಣ್ಣಿಸುವ ಮನೆಯಲ್ಲಿ ಅದನ್ನು ವಾಪಸು ತೆಗೆದುಕೊಳ್ಳುವುದೇ ರಾತ್ರಿಯ ಯುದ್ಧ. ಮೊಬೈಲಿನ ಬಗ್ಗೆ ಇಷ್ಟು ಸಾಕು, ಅದನ್ನು ಬೈಯುವ ಉಪನ್ಯಾಸಗಳು ಬೇಕಾದಷ್ಟಿವೆ.

ಮಗು ದೊಡ್ಡವರ ದನಿಯ ಅಳತೆಯನ್ನೇ ಹಿಡಿಯುತ್ತದೆ ಎನ್ನುವುದಕ್ಕೆ ಮಳೆಗಾಲದಲ್ಲಿ ಗುಡವಿ ಪಕ್ಷಿಧಾಮಕ್ಕೆ ಹೋಗಿ ನೋಡಬಹುದು. ಕೆರೆಯ ಮರಗಳ ತುಂಬ ಗೂಡು ಕಟ್ಟಿದ ಹಕ್ಕಿಗಳು. ಅಪ್ಪ ಬಗ್ಗಿ ಪಿಸುಗುಟ್ಟಿದರೆ ಮಗುವೂ ಪಿಸುಗುಟ್ಟುತ್ತದೆ. 'ಗಲಾಟೆ ಮಾಡ್ಬೇಡ!' ಎಂದು ಅಪ್ಪನೇ ಕೂಗಿದರೆ ಹಕ್ಕಿಗಳೂ ಹಾರುತ್ತವೆ, ಮಗುವೂ ಕೂಗುತ್ತದೆ. ಜೀನ್ ಬ್ರಿಗ್ಸ್ ಎಂಬ ಮಾನವಶಾಸ್ತ್ರಜ್ಞೆ 1960ರ ದಶಕದಲ್ಲಿ ಕೆನಡಾದ ಹಿಮಪ್ರದೇಶದ ಇನ್ಯೂಟ್ ಕುಟುಂಬವೊಂದರ ಜೊತೆ ಇದ್ದು ಬಂದರು. ಚಿಕ್ಕ ಮಗುವಿನ ಮೇಲೆ ಸಿಟ್ಟಾಗಿ ದನಿ ಏರಿಸುವ ದೊಡ್ಡವರನ್ನು ಅಲ್ಲಿಯ ಜನ ಬುದ್ಧಿ ಬೆಳೆಯದವರೆಂದು ಕಾಣುತ್ತಿದ್ದರು. ನಮ್ಮಲ್ಲಿ ಕೂಗುವವರನ್ನು ಶಿಸ್ತಿನವರು ಎನ್ನುತ್ತೇವೆ. ಕೂಗಲೇಬೇಕಾದ ಸಂದರ್ಭಗಳು ಇವೆ: ಮಗು ರಸ್ತೆಗೆ ಓಡುತ್ತಿದೆ, ಕೃಷಿಹೊಂಡದ ಅಂಚಿಗೆ ಹೋಗಿದೆ, ಕಟ್ಟಿಗೆ ರಾಶಿಯಲ್ಲಿ ಹಾವಿದೆ. ಆಗ ಕೂಗಿದ ಕೂಗಿಗೆ ಅದು ಕಲ್ಲಿನ ಹಾಗೆ ನಿಲ್ಲಬೇಕಾದರೆ ಹಲ್ಲುಜ್ಜುವುದಕ್ಕೆ, ರೊಟ್ಟಿ ತಿನ್ನುವುದಕ್ಕೆ ಆ ದನಿ ಖರ್ಚಾಗಿರಬಾರದು.

ಕೊನೆಯದಾಗಿ, ಹಿಂದಿನ ಸಾಲಿನವರ ಪರವಾಗಿ ಸ್ವಲ್ಪ. ಇಷ್ಟು ಹೊತ್ತು ನಾನು ತಾಯಿ, ತಾಯಿ ಎಂದೇ ಹೇಳಿದೆ, ಏಕೆಂದರೆ ಆ ಒಂದೂವರೆ ಗಂಟೆಯಲ್ಲಿ ಮನೆಯೊಳಗೆ ಇರುವುದು ಅವಳೊಬ್ಬಳೇ. ಕೂಗುವವಳು ಬಹಳ ಸಲ ಸುಸ್ತಾದವಳು. ಹತ್ತಿರ ಹೋಗಿ ಹೇಳು, ಐದು ಎಣಿಸು ಎಂದು ನಾನು ಮೈಕಿನಲ್ಲಿ ಹೇಳುವುದು ಸುಲಭ. ಎರಡು ಕೈಯಲ್ಲಿ ನಾಲ್ಕು ಕೆಲಸ ಇರುವವಳಿಗೆ ಐದು ಸೆಕೆಂಡೂ ದುಬಾರಿ. ಅಂಗನವಾಡಿಗಳಲ್ಲಿ ನಡೆಯುವ ಸಭೆಗೆ ತಾಯಂದಿರ ಸಭೆ ಎಂದೇ ಹೆಸರು, ಅಪ್ಪಂದಿರು ಬರುವುದಿಲ್ಲ, ಕರೆಯುವವರೂ ಇಲ್ಲ. ಆದರೆ ಅದೇ ಅಪ್ಪಂದಿರು ಹೊತ್ತು ತಪ್ಪದೆ ಸೇರುವ ಜಾಗ ಊರೂರಿನಲ್ಲಿ ಒಂದಿದೆ, ಹಾಲಿನ ಡೈರಿ. ಸಂಜೆ ಕ್ಯಾನು ಹಿಡಿದು ಸಾಲಿನಲ್ಲಿ ನಿಂತಾಗ ಅರ್ಧ ಗಂಟೆ ಅಲ್ಲೇ ಕೂತು ಮಾತಾಡಬಹುದು. ಕಾರ್ಯಕರ್ತೆ ಒಬ್ಬರು ಬರಲಿ, ಶಾಲೆಯ ಮೇಷ್ಟರೊಬ್ಬರು ಬರಲಿ. ಬೆಳಗ್ಗೆ ಮಗುವನ್ನು ಎಬ್ಬಿಸಿ ಸ್ನಾನ ಮಾಡಿಸುವುದು ಯಾರು, ವ್ಯಾನಿನ ತನಕ ಕೈಹಿಡಿದು ನಡೆಯುವುದು ಯಾರು ಎಂದು ಅಲ್ಲಿ ತೀರ್ಮಾನವಾಗಲಿ. ಈ ದತ್ತಿಯ ಮುಂದಿನ ಕಾರ್ಯಕ್ರಮವನ್ನು ಸಭಾಂಗಣದಲ್ಲಿ ಮಾಡುವ ಬದಲು ಅಂಥ ಒಂದು ಡೈರಿಯ ಕಟ್ಟೆಯ ಮೇಲೆ ಇಟ್ಟುಕೊಳ್ಳಿ ಎಂದು ಸಂಘಟಕರಲ್ಲಿ ನನ್ನ ಬೇಡಿಕೆ. ಹಿಂದಿನ ಸಾಲಿನಲ್ಲಿ ಮಕ್ಕಳಿಗೆ ಹಸಿವಾಗುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಪ್ರಶ್ನೆಗಳಿದ್ದರೆ ಅಲ್ಲಿಂದಲೇ ಶುರುವಾಗಲಿ. ಮೈಕು ಅವರ ಹತ್ತಿರ ತೆಗೆದುಕೊಂಡು ಹೋಗಿ.